ಸಹಿಗಿಂತ ಥರ್ಮಾಮೀಟರ್ ಮುಖ್ಯ

ಆಹಾರ ಉದ್ಯಮದವರು ಸುರಕ್ಷತೆಯ ವಾಗ್ದಾನಕ್ಕೆ ಖುಷಿಯಿಂದ ಸಹಿ ಹಾಕಿ ಒಂದೇ ತಿಂಗಳಲ್ಲಿ ಮರೆತುಬಿಟ್ಟರು, ಮುಂದೇನು ಮಾಡಲಿ ಎಂದು ಕೇಳಿದ್ದೀರಿ. ನಿಮ್ಮ ಬೇಸರ ಅರ್ಥವಾಗುತ್ತದೆ. ಆದರೆ ತಪ್ಪು ಅವರದ್ದಷ್ಟೇ ಅಲ್ಲ ಅನ್ನಿಸುತ್ತದೆ. 'ಶುಚಿಯಾಗಿರುತ್ತೇವೆ' ಎಂಬ ಮಾತಿಗೆ ಯಾರೂ ಇಲ್ಲ ಅನ್ನುವುದಿಲ್ಲ. ಅದನ್ನು ಪಾಲಿಸಿದರೋ ಇಲ್ಲವೋ ಅಳೆಯುವುದು ಹೇಗೆ?

ಅಳೆಯಲು ಬರುವಂಥದ್ದನ್ನೇ ಬರೆಸಿ. ಬೇಯಿಸಿದ್ದು ಒಳಗಿನವರೆಗೂ 70 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು, ಬಡಿಸುವ ತನಕ 60ಕ್ಕಿಂತ ಮೇಲೇ ಇರಬೇಕು, ಫ್ರಿಜ್ 5ಕ್ಕಿಂತ ಕೆಳಗಿರಬೇಕು, ಬೇಯಿಸಿದ್ದನ್ನು 2 ಗಂಟೆಗಿಂತ ಹೆಚ್ಚು ಹೊರಗಿಡಬಾರದು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ ಇದನ್ನೇ. ಒಂದು ಥರ್ಮಾಮೀಟರ್, ಗೋಡೆಗೆ ತೂಗುಹಾಕಿದ ಒಂದು ಪುಸ್ತಕ, ದಿನಕ್ಕೆ ಎರಡು ಸಲ ಬರೆಯುವ ಒಬ್ಬ ಮನುಷ್ಯ, ಇಷ್ಟಿದ್ದರೆ ಶುರುಮಾಡಬಹುದು.

ಇದಕ್ಕಿಂತ ಕಷ್ಟದ್ದು, ಎಲ್ಲರೂ ಜಾರಿಕೊಳ್ಳುವುದು, ಕೆಲಸಗಾರರ ಕಾಯಿಲೆಯ ವಿಷಯ. ವಾಂತಿ ಭೇದಿ ಆದವರು ಅದು ನಿಂತ ಮೇಲೂ 48 ಗಂಟೆ ಆಹಾರ ಮುಟ್ಟಬಾರದು, ಏಕೆಂದರೆ ವಾಂತಿ ಭೇದಿ ತರುವ ನೊರೊವೈರಸ್ ಎಂಬ ವೈರಾಣು ಗುಣವಾದ ಮೇಲೂ ಹರಡುತ್ತದೆ. ಅದಕ್ಕೆ ಸ್ಯಾನಿಟೈಸರ್ ಸಾಲದು, ಸೋಪು ನೀರೇ ಬೇಕು. ಆದರೆ ರಜೆ ಹಾಕಿದರೆ ಕೂಲಿ ಹೋಗುತ್ತದೆ ಅಂದರೆ ಯಾರು ತಾನೇ ಬಾಯಿಬಿಟ್ಟು ಹೇಳುತ್ತಾರೆ? ದಯವಿಟ್ಟು ಮಾಲೀಕರಿಂದ 'ಆ ದಿನಗಳ ಸಂಬಳ ಹಿಡಿಯುವುದಿಲ್ಲ' ಎಂಬ ಸಾಲನ್ನು ಮೊದಲು ಬರೆಸಿಕೊಳ್ಳಿ.

ಮುಂದಿನ ಸಭೆಗೆ ಮಾಲೀಕರ ಜೊತೆ ಅಡುಗೆಯವರನ್ನೂ, ಪಾತ್ರೆ ತೊಳೆಯುವವರನ್ನೂ ಕರೆಯಿರಿ. ಎಲ್ಲಿ ಎಡವುತ್ತಿದೆ ಎಂಬುದು ಅವರಿಗೇ ಗೊತ್ತಿರುತ್ತದೆ.