ಗಾಯ ಮಾಯಿಸುವ ಸಂದೇಶದಿಂದಲೇ ಗಡ್ಡೆಯೇ?

ಪ್ರಶ್ನೆ: ನಮ್ಮ ತಾಯಿಯವರ ಸ್ತನದ ಗಡ್ಡೆಯಿಂದ ತೆಗೆದ ತುಣುಕಿನ ವರದಿಯಲ್ಲಿ ‘ಹರ್-2 ಪಾಸಿಟಿವ್, 3+’ ಎಂದಿದೆ. ಇದು ಗ್ರೋತ್ ಫ್ಯಾಕ್ಟರ್‌ಗೆ ಸಂಬಂಧಿಸಿದ್ದೆಂದು ಮೈಸೂರಿನ ವೈದ್ಯರು ತಿಳಿಸಿದರು. ಬೆಳವಣಿಗೆಗೆ ಬೇಕಾದ ವಸ್ತುವಿನಿಂದಲೇ ಕ್ಯಾನ್ಸರ್ ಬರುವುದು ಹೇಗೆ? ಅಮ್ಮನಿಗೆ ಹಾಲು, ಮೊಟ್ಟೆ ನಿಲ್ಲಿಸಬೇಕೆ? ಮಗಳಾದ ನನಗೂ ಇದು ಬರುತ್ತದೆಯೇ?
– ಓದುಗರೊಬ್ಬರು, ಮದ್ದೂರು

ಉತ್ತರ: ಕಬ್ಬು ಕಡಿಯುವಾಗ ಮಚ್ಚು ತಾಗಿ ಬೆರಳು ಕುಯ್ದುಕೊಂಡರೆ, ರಕ್ತ ಹೆಪ್ಪುಗಟ್ಟುವ ಹೊತ್ತಿಗೇ ಅಲ್ಲಿ ಸೇರಿದ ಪ್ಲೇಟ್‌ಲೆಟ್ ಎಂಬ ರಕ್ತಕಣಗಳು ಬೆಳವಣಿಗೆ ಕಾರಕಗಳೆಂಬ (ಗ್ರೋತ್ ಫ್ಯಾಕ್ಟರ್) ಪ್ರೋಟೀನುಗಳನ್ನು ಸ್ರವಿಸುತ್ತವೆ. ಇವು ಜೀವಕೋಶದ ಒಳಗೆ ಹೋಗುವುದಿಲ್ಲ. ಹೊರಪೊರೆಯಲ್ಲಿದ್ದು ಸಂದೇಶ ಹಿಡಿಯುವ ಗ್ರಾಹಿಗಳೆಂಬ ಪ್ರೋಟೀನುಗಳಿಗೆ ಅಂಟಿಕೊಳ್ಳುತ್ತವೆ. ಆಗ ಗ್ರಾಹಿಗಳು ಎರಡೆರಡಾಗಿ ಜೋಡಿಗೂಡಿ, ಅವುಗಳ ಒಳಬಾಲ ಚುರುಕಾಗಿ, ರಾಸ್ ಮೊದಲಾದ ಪ್ರೋಟೀನುಗಳು ಒಂದರಿಂದ ಒಂದಕ್ಕೆ ಸುದ್ದಿ ದಾಟಿಸುತ್ತ ಕೋಶಕೇಂದ್ರಕ್ಕೆ ಮುಟ್ಟಿಸುತ್ತವೆ, ಕೋಶ ಇಬ್ಭಾಗವಾಗುತ್ತದೆ. ಗಾಯ ಕೂಡಿಕೊಂಡಂತೆ ಸಂದೇಶವೂ ನಿಲ್ಲುತ್ತದೆ. ಇಂಥ ಕಾರಕಗಳಲ್ಲೊಂದರ ಸುಳಿವು ಸಿಕ್ಕಿದ್ದು, ಎಳೆಯ ಇಲಿಮರಿಗಳ ಕಣ್ಣು ಅವಧಿಗೆ ಮುನ್ನವೇ ತೆರೆದುಕೊಂಡದ್ದನ್ನು ವಿಜ್ಞಾನಿ ಸ್ಟ್ಯಾನ್ಲಿ ಕೋಹೆನ್ ಗಮನಿಸಿದಾಗ; ಅವರಿಗೂ ರೀಟಾ ಲೆವಿ-ಮೊಂಟಾಲ್ಚಿನಿಯವರಿಗೂ 1986ರಲ್ಲಿ ನೊಬೆಲ್ ದೊರೆಯಿತು.

ಆದ್ದರಿಂದ ಸಾಮಾನ್ಯವಾಗಿ ದೋಷ ಕಾರಕದ್ದಲ್ಲ. ನಿಮ್ಮ ಕಡೆ ನಾಲೆಯ ತೂಬನ್ನು ಸರದಿ ಮುಗಿದ ಮೇಲೆ ಮುಚ್ಚಲಾಗದಿದ್ದರೆ ಗದ್ದೆ ಕೊಚ್ಚಿಹೋಗುವುದಕ್ಕೆ ನೀರನ್ನು ದೂರುವಂತಿಲ್ಲವಷ್ಟೇ. ಮೇದೋಜೀರಕ ಗ್ರಂಥಿಯ ಬಹುಪಾಲು ಕ್ಯಾನ್ಸರ್‌ಗಳಲ್ಲಿ ಹೀಗೆಯೇ ರಾಸ್ ಜೀನಿನ ಒಂದು ಅಕ್ಷರ ಬದಲಾಗಿ, ಆ ಪ್ರೋಟೀನು ಆರದೆ ಉರಿಯುತ್ತಲೇ ಇರುತ್ತದೆ. ನಿಮ್ಮ ತಾಯಿಯವರಲ್ಲಿ ಆಗಿರುವುದು ಬೇರೆ. ಹರ್-2 ಒಂದು ವಿಚಿತ್ರ ಗ್ರಾಹಿ: ಅದಕ್ಕೆ ತನ್ನದೇ ಆದ ಕಾರಕವಿಲ್ಲ, ಒಡಹುಟ್ಟಿದ ಬೇರೆ ಗ್ರಾಹಿಗಳೊಡನೆ ಸೇರಿ ಕೆಲಸ ಮಾಡುತ್ತದೆ. ಅದರ ಜೀನಿಗೆ ಎರಡೇ ಪ್ರತಿಗಳಿರಬೇಕಾದ ಕಡೆ ಹಲವಾರು ಪ್ರತಿಗಳಾದಾಗ, ಕೋಶದ ಮೈಮೇಲೆ ಗ್ರಾಹಿಗಳು ಕಿಕ್ಕಿರಿದು, ಯಾವ ಸಂದೇಶವೂ ಬಾರದಿದ್ದರೂ ತಮ್ಮತಮ್ಮಲ್ಲೇ ಜೋಡಿಯಾಗಿಬಿಡುತ್ತವೆ. ಬಣ್ಣ ಹಾಕಿ ನೋಡಿದಾಗ ಕೋಶದ ಅಂಚು ಸುತ್ತಲೂ ಗಾಢವಾಗಿ ಕಂಡಿರುವುದನ್ನೇ ‘3+’ ಎಂದು ಬರೆದಿರುತ್ತಾರೆ. 2+ ಎಂದಿದ್ದರೆ ಅನುಮಾನವೆಂದು ಜೀನಿನ ಪ್ರತಿಗಳನ್ನು ಎಣಿಸಬೇಕಾಗುತ್ತಿತ್ತು. ನೂರು ಸ್ತನ ಕ್ಯಾನ್ಸರ್‌ಗಳಲ್ಲಿ ಸುಮಾರು 15ರಿಂದ 20 ಈ ಬಗೆಯವು.

ಹಿಂದೆ ಈ ಫಲಿತಾಂಶ ಕೆಟ್ಟ ಸುದ್ದಿಯಾಗಿತ್ತು. 1998ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಟ್ರಾಸ್ಟುಜುಮಾಬ್ ಎಂಬ ಔಷಧ ಆ ಮಾತನ್ನು ಬದಲಿಸಿತು. ಅದು ಹರ್-2ರ ಹೊರಭಾಗಕ್ಕೇ ಅಂಟಿ ಸಂಕೇತವನ್ನು ತಡೆಯುತ್ತದೆ. ಆದರೆ ಹೃದಯದ ಸ್ನಾಯುವಿಗೂ ಹರ್-2 ಬೇಕು. ಹಾಗಾಗಿ ಈ ಔಷಧ ಕೊಡುವ ಮುನ್ನ ಮತ್ತು ಚಿಕಿತ್ಸೆಯ ನಡುವೆ ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಎಕೋ (ಹೃದಯದ ಸ್ಕ್ಯಾನ್) ಪರೀಕ್ಷೆ ಮಾಡಿಸುತ್ತಾರೆ. ಅಮ್ಮನಿಗೆ ಸುಸ್ತೆಂದೋ, ಮೈಸೂರಿಗೆ ಓಡಾಟ ಹೆಚ್ಚಾಯಿತೆಂದೋ ಇದನ್ನು ಮಾತ್ರ ತಪ್ಪಿಸಬೇಡಿ.

ಹಾಲು, ಮೊಟ್ಟೆಯಿಂದ ಜೀನಿನ ಪ್ರತಿಗಳು ಹೆಚ್ಚುವುದಿಲ್ಲ. ಚಿಕಿತ್ಸೆಯ ಕಾಲದಲ್ಲಿ ಪ್ರೋಟೀನು ಬೇಕೇ ಬೇಕು, ನಿಲ್ಲಿಸಿದರೆ ನಷ್ಟ ಅವರಿಗೇ. ಹೆಚ್ಚುವರಿ ಪ್ರತಿಗಳು ಗಡ್ಡೆಯ ಕೋಶಗಳಲ್ಲಿ ಮಾತ್ರ ಹುಟ್ಟಿದವು, ತಾಯಿಯಿಂದ ಮಗಳಿಗೆ ಬರುವಂಥವಲ್ಲ. ಆದರೂ ತಾಯಿಗೆ ಸ್ತನ ಕ್ಯಾನ್ಸರ್ ಆಗಿದ್ದರೆ ಮಗಳಿಗೆ ಅಪಾಯ ಸ್ವಲ್ಪ ಹೆಚ್ಚು. ತಾಯಿಯವರಿಗೆ ಯಾವ ವಯಸ್ಸಿನಲ್ಲಿ ಕಾಯಿಲೆ ಕಂಡಿತು, ಚಿಕ್ಕಮ್ಮ, ದೊಡ್ಡಮ್ಮ, ಅಜ್ಜಿಯರಲ್ಲಿ ಯಾರಿಗಾದರೂ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಇತ್ತೇ ಎಂಬುದನ್ನು ಬರೆದುಕೊಂಡು ಹೋಗಿ, ನಿಮಗೆ ಮ್ಯಾಮೊಗ್ರಾಮ್ (ಸ್ತನದ ಎಕ್ಸ್-ರೇ) ಯಾವಾಗಿನಿಂದ ಬೇಕೆಂದು ಅದೇ ವೈದ್ಯರನ್ನು ಕೇಳಿ.