ಸತ್ತ ಮಂಗ ಕಂಡ್ರೆ ಏನ್ ಮಾಡ್ಬೇಕು?

ಪ್ರಶ್ನೆ: ತೋಟದ ಅಂಚಲ್ಲಿ ಮಂಗ ಸತ್ ಬಿದ್ದಿದೆ, ನಾವೇ ಹೂತು ಹಾಕ್ಬೋದಾ ಸರ್? ಮಂಗನ ಕಾಯಿಲೆಗೆ ಲಸಿಕೆ ಯಾಕೆ ಕೊಡ್ತಿಲ್ಲ?
– ಓದುಗರು, ತೀರ್ಥಹಳ್ಳಿ

ಉತ್ತರ: ಮುಟ್ಲೇಬೇಡಿ ಮಾರಾಯ್ರೆ. ಮಂಗ ಸತ್ಮೇಲೆ ಮೈಮೇಲಿನ ಉಣುಗು (ಮಂಗನ ಕಾಯಿಲೆ ಹರಡೋದೇ ಇದು ಕಚ್ಚಿ) ಎಲ್ಲ ಅಲ್ಲೇ ಸುತ್ತಮುತ್ತ ಉದುರಿರತ್ತೆ, ಆ ಕಡೆ ದನ ಬಿಡೋದೂ ಬೇಡ ದರಗು ತರೋದೂ ಬೇಡ, ಮೊದ್ಲು ಆಶಾ ಕಾರ್ಯಕರ್ತೆಗೆ ಫೋನ್ ಮಾಡಿ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲೂ ಮಂಗಗಳು ಸಾಯ್ತಿದ್ವು, ಅಲ್ಲೇ ಈ ಕಾಯಿಲೆಯ ವೈರಸ್ ಪತ್ತೆ ಆಗಿದ್ದು. ಹಳೇ ಲಸಿಕೆ ಸರಿಯಾಗಿ ಕೆಲ್ಸ ಮಾಡ್ತಿಲ್ಲ ಅಂತ ನಿಲ್ಸಿದ್ರು, ಹೊಸದರ ಕೆಲ್ಸ ಕೇಂದ್ರದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಕಡೆಯಿಂದ ನಡೀತಿದೆ (ಇಷ್ಟು ವರ್ಷ ಬೇಕಿತ್ತಾ ಅನ್ನೋದು ಬೇರೆ ಮಾತು). ಕಾಡಿಗೆ ಹೋಗೋವಾಗ ಉಣುಗು ಹತ್ತದ ಹಾಗೆ ಡೆಪಾ ಎಣ್ಣೆ ಹಚ್ಕೊಳ್ಳಿ, ಬಂದ್ಮೇಲೆ ಬಿಸಿನೀರ ಸ್ನಾನ. ಜ್ವರ ಬಂದ್ರೆ ಕಾಡಿಗೆ ಹೋಗಿದ್ದನ್ನ ಡಾಕ್ಟರ್‌ಗೆ ಮರೀದೆ ಹೇಳಿ.