ದಿನಾ ಡಂಬೆಲ್ ಎತ್ತಿದರೂ ರಟ್ಟೆ ಯಾಕೆ ತುಂಬುತ್ತಿಲ್ಲ?

ಪ್ರಶ್ನೆ: ಸರ್, ನನಗೆ 24 ವರ್ಷ. ಊರು ಕುಂದಾಪುರದ ಹತ್ತಿರ. ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಚಿಕ್ಕಪ್ಪನ ಮನೆಯಲ್ಲಿದ್ದು ಮುಂಬೈಯ ಲೋವರ್ ಪರೇಲ್‌ನ ಒಂದು ಆಫೀಸಿನಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ಎತ್ತರ 5 ಅಡಿ 8 ಇಂಚು, ತೂಕ 58 ಕಿಲೋ. ನಾಲ್ಕು ತಿಂಗಳಿಂದ ರಾತ್ರಿ ಒಂಬತ್ತೂವರೆಗೆ ಜಿಮ್‌ಗೆ ಹೋಗಿ, ಭಾನುವಾರವೂ ಬಿಡದೆ, ಬೈಸೆಪ್ಸ್ (ತೋಳಿನ ಮುಂಬದಿಯ ಸ್ನಾಯು) ವ್ಯಾಯಾಮ ಮಾಡುತ್ತಿದ್ದೇನೆ. ಮೊದಮೊದಲು ತೋಳು ತುಂಬಿದ ಹಾಗೆ ಕಂಡಿತು. ಈಗ 11 ಇಂಚಿನಲ್ಲೇ ನಿಂತಿದೆ. ಮೊಣಕೈಯ ಒಳಬದಿಯಲ್ಲಿ ನೋವು ಬೇರೆ ಶುರುವಾಗಿದೆ. ಒಂದು ದಿನ ಬಿಟ್ಟರೂ ಇಳಿದುಹೋಗುತ್ತದೆ ಎಂದು ಜಿಮ್ ಗೆಳೆಯರು ಹೆದರಿಸುತ್ತಾರೆ. ಎಷ್ಟು ದಿನ ರೆಸ್ಟ್ ಬೇಕು? ಸೆಟ್‌ಗಳ, ಅಂದರೆ ಒಂದೇ ಸಮನೆ ಎತ್ತುವ ಸುತ್ತುಗಳ ನಡುವೆ ಎಷ್ಟು ಹೊತ್ತು ಕೂರಬೇಕು? ಮನೆಯಲ್ಲಿ ಸಸ್ಯಾಹಾರ, ಹೊರಗೆ ಮೊಟ್ಟೆ ತಿನ್ನುತ್ತೇನೆ.

ಉತ್ತರ: ನೀವು ಮೈಗಳ್ಳರಲ್ಲ, ಅದು ಪತ್ರದಲ್ಲೇ ಕಾಣುತ್ತದೆ. ಕಷ್ಟಪಟ್ಟದ್ದು ಕಡಿಮೆಯಾಗಿ ತೋಳು ನಿಂತಿಲ್ಲ. ಕಷ್ಟಪಟ್ಟದ್ದನ್ನು ಮೈಗೂಡಿಸಿಕೊಳ್ಳಲು ನೀವು ಪುರುಸೊತ್ತೇ ಕೊಡುತ್ತಿಲ್ಲ, ಸಾಕಷ್ಟು ಊಟವನ್ನೂ ಕೊಡುತ್ತಿಲ್ಲ.

ಡಂಬೆಲ್ ಎತ್ತುವ ಹೊತ್ತಿನಲ್ಲಿ ಸ್ನಾಯು ಬೆಳೆಯುವುದಿಲ್ಲ. ಆಗ ಅದು ದಣಿಯುತ್ತದೆ, ಎಳೆಗಳಿಗೆ ಅಲ್ಪಸ್ವಲ್ಪ ಪೆಟ್ಟೂ ಬೀಳುತ್ತದೆ. ಹೊಸ ಪ್ರೋಟೀನ್ ಕಟ್ಟುವ ಕೆಲಸವೆಲ್ಲ ಆಮೇಲಿನದು. ಕೆನಡಾದ ಸಂಶೋಧಕರು ಇದನ್ನು ಬೈಸೆಪ್ಸ್‌ನಲ್ಲೇ ಅಳೆದು 1995ರಲ್ಲಿ ಪ್ರಕಟಿಸಿದ್ದಾರೆ. ಭಾರೀ ವ್ಯಾಯಾಮವಾದ 4 ಗಂಟೆಗೆ ಪ್ರೋಟೀನ್ ಕಟ್ಟುವ ವೇಗ ಸುಮಾರು ಶೇ. 50ರಷ್ಟು ಏರಿತ್ತು. 24 ಗಂಟೆಗೆ ಎರಡು ಪಟ್ಟಿಗೂ ಮೇಲಾಗಿತ್ತು. 36 ಗಂಟೆ ಹೊತ್ತಿಗೆ ಹೆಚ್ಚುಕಡಿಮೆ ಮೊದಲಿನ ಮಟ್ಟಕ್ಕೆ ಇಳಿದಿತ್ತು. ನಿಮ್ಮ ಲೆಕ್ಕಕ್ಕೆ ಇದನ್ನು ಹಾಕಿ ನೋಡಿ: ಸೋಮವಾರ ರಾತ್ರಿ ಮಾಡಿದ್ದಕ್ಕೆ ಮಂಗಳವಾರ ರಾತ್ರಿ ಕಟ್ಟಡದ ಕೆಲಸ ಜೋರಾಗಿ ನಡೆದಿರುತ್ತದೆ, ಅದೇ ಹೊತ್ತಿಗೆ ಸರಿಯಾಗಿ ನೀವು ಮತ್ತೆ ಡಂಬೆಲ್ ಹಿಡಿದು ನಿಲ್ಲುತ್ತೀರಿ.

ಹಾಗಾಗಿ ಒಂದೇ ಸ್ನಾಯುವಿನ ಎರಡು ಗಟ್ಟಿ ತಾಲೀಮಿನ ನಡುವೆ 48 ಗಂಟೆ ಬಿಡಿ. ವಾರಕ್ಕೆ ಎರಡು ಸಲ, ಹೆಚ್ಚೆಂದರೆ ಮೂರು. ಇಲ್ಲಿ ಹುಡುಗರು ಮರೆಯುವ ಒಂದು ಸಂಗತಿ ಇದೆ. ಬೆನ್ನಿಗೆಂದು ಪುಲ್‌ಡೌನ್, ರೋಯಿಂಗ್‌ನಂಥ ಎಳೆಯುವ ವ್ಯಾಯಾಮ ಮಾಡಿದಾಗಲೂ ಬೈಸೆಪ್ಸ್ ದುಡಿಯುತ್ತದೆ. ಎದೆಗೆಂದು ಬೆಂಚ್ ಪ್ರೆಸ್, ದಂಡೆ ಹೊಡೆದಾಗ ತೋಳಿನ ಹಿಂಬದಿಯ ಟ್ರೈಸೆಪ್ಸ್ ದುಡಿಯುತ್ತದೆ. ನಿನ್ನೆ ಬೆನ್ನು, ಇವತ್ತು ಬೈಸೆಪ್ಸ್ ಅಂದರೆ ಅದು ರೆಸ್ಟ್ ಆಗಲಿಲ್ಲ.

ಟ್ರೈಸೆಪ್ಸ್ ವಿಷಯ ಬಂತಲ್ಲ, ನಿಮ್ಮ ಪತ್ರದಲ್ಲಿ ಅದರ ಹೆಸರೇ ಇಲ್ಲ. ಮೇಲ್ದೋಳಿನ ಸ್ನಾಯುವಿನಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಹಿಂಬದಿಯ ಈ ಟ್ರೈಸೆಪ್ಸ್. ಕನ್ನಡಿಯಲ್ಲಿ ಕಾಣುವುದಿಲ್ಲವೆಂದು ಅದನ್ನು ಬಿಟ್ಟು ಎದುರಿಗೆ ಕಾಣುವುದನ್ನೇ ದಿನಾ ಉಜ್ಜುತ್ತೇವೆ. ಶರ್ಟಿನ ತೋಳು ಬಿಗಿಯಾಗಬೇಕೆಂದರೆ ಹಿಂಬದಿ ತುಂಬಬೇಕು. ಶಿವಾಜಿ ಪಾರ್ಕಿನಲ್ಲಿ ಮಲ್ಲಕಂಬ ಏರುವ ಹುಡುಗರ ತೋಳು ನೋಡಿ. ಅವರು ಇಡೀ ಮೈಯ ಭಾರವನ್ನೇ ಎಳೆಯುತ್ತಾರೆ, ತಳ್ಳುತ್ತಾರೆ.

ವಾರಕ್ಕೆ ಮೂರು ದಿನ ಸಾಕು, ಸೋಮ, ಬುಧ, ಶನಿ ಅಂದುಕೊಳ್ಳಿ. ಮೂರೂ ದಿನ ಮೊದಲು ದೊಡ್ಡ ವ್ಯಾಯಾಮ ಮುಗಿಸಿ: ಒಂದು ಎಳೆಯುವುದು, ಒಂದು ತಳ್ಳುವುದು, ಒಂದು ಕಾಲಿನದು. ಕೊನೆಗೆ ಬೈಸೆಪ್ಸ್‌ಗೆ ಮೂರು ಸೆಟ್, ಟ್ರೈಸೆಪ್ಸ್‌ಗೆ ಮೂರು ಸೆಟ್. ಪ್ರತಿ ಸೆಟ್‌ನಲ್ಲಿ 8ರಿಂದ 12 ಸಲ. ಇನ್ನೆರಡು ಸಲ ಎತ್ತಬಹುದಿತ್ತು ಅನ್ನಿಸುವಲ್ಲಿ ನಿಲ್ಲಿಸಬೇಕು, ಇನ್ನು ಹತ್ತು ಸಲ ಎತ್ತಬಹುದಿತ್ತು ಅನ್ನಿಸಿದರೆ ಭಾರ ಸಾಲದು. 12 ಸಲೀಸಾಗಿ ಬಂದ ಮೇಲೆ ಒಂದೋ ಎರಡೋ ಕಿಲೋ ಏರಿಸಿ. ನಾಲ್ಕು ತಿಂಗಳು ಅದೇ ಡಂಬೆಲ್ ಹಿಡಿದಿದ್ದರೆ ತೋಳು ಬೆಳೆಯಲು ಕಾರಣವೇ ಇಲ್ಲ.

ಸೆಟ್‌ಗಳ ನಡುವೆ? ಎರಡರಿಂದ ಮೂರು ನಿಮಿಷ. ಮೊಣಕೈ ಮಡಿಸಿ ಭಾರ ಎತ್ತುವ ಕರ್ಲ್‌ನಂಥ ಸಣ್ಣ ವ್ಯಾಯಾಮಕ್ಕೆ ಒಂದೂವರೆಯಾದರೂ ನಡೆದೀತು. ಮೈ ಬಿಸಿ ಆರಬಾರದೆಂದು ಮೂವತ್ತು ಸೆಕೆಂಡಿಗೇ ಎದ್ದರೆ ಮುಂದಿನ ಸೆಟ್‌ನಲ್ಲಿ ಎತ್ತುವ ಸಂಖ್ಯೆ ಬೀಳುತ್ತದೆ. ಸ್ನಾಯುವಿನೊಳಗೆ ತಕ್ಷಣದ ಶಕ್ತಿಗೆಂದು ಇರುವ ಫಾಸ್ಫೋಕ್ರಿಯಾಟಿನ್ ಬಹುಪಾಲು ತುಂಬಿಕೊಳ್ಳಲು ಮೂರು ನಿಮಿಷ ಹಿಡಿಯುತ್ತದೆ. 2016ರಲ್ಲಿ ಪ್ರಕಟವಾದ ಎಂಟು ವಾರಗಳ ಒಂದು ಅಧ್ಯಯನದಲ್ಲಿ, ಒಂದು ನಿಮಿಷ ಕೂತವರಿಗಿಂತ ಮೂರು ನಿಮಿಷ ಕೂತವರ ಬಲವೂ ತೊಡೆಯ ಸ್ನಾಯುವಿನ ದಪ್ಪವೂ ಹೆಚ್ಚು ಬೆಳೆದಿದ್ದವು. ನಿಮಗಾಗಿ ಬೆಂಚು ಕಾಯುತ್ತಾ ಗೊಣಗುವವರು ಜಿಮ್‌ನಲ್ಲಿ ಇದ್ದೇ ಇರುತ್ತಾರೆ. ಗೊಣಗಲಿ.

ಇನ್ನು ನಿದ್ದೆ. ಒಂಬತ್ತೂವರೆಗೆ ಜಿಮ್ ಎಂದರೆ ಊಟ ಹನ್ನೊಂದಕ್ಕೆ, ಮಲಗುವುದು ಹನ್ನೆರಡಕ್ಕೆ. ಬೆಳಿಗ್ಗೆ ಡೊಂಬಿವಲಿ ಫಾಸ್ಟ್ ಲೋಕಲ್ ರೈಲಿನಲ್ಲಿ ಕಾಲಿಡಲು ಜಾಗ ಸಿಗಬೇಕಾದರೆ ಬೇಗ ಏಳಲೇಬೇಕು. ದಾದರ್‌ನಲ್ಲಿ ಗಾಡಿ ಬದಲಿಸುವವರೆಗೂ ಮೇಲಿನ ಹಿಡಿ ಹಿಡಿದು ನೇತಾಡುವುದು, ಸಂಜೆ ಮತ್ತೆ ಅದೇ. ಮುಂಗೈಗೆ ಅದೂ ಒಂದು ದುಡಿಮೆಯೇ. ವಯಸ್ಕರಿಗೆ ದಿನಕ್ಕೆ 7 ಗಂಟೆ ನಿದ್ದೆಯಾದರೂ ಬೇಕು. ಜಿಮ್ ಇಲ್ಲದ ನಾಲ್ಕು ರಾತ್ರಿಗಳಲ್ಲಿ ಹತ್ತೂವರೆಗೆ ಮಲಗಿ. ನಿಮಗೆ ನಾನು ಬರೆದುಕೊಡಬಹುದಾದ ದುಬಾರಿ ಪೌಡರ್ ಅದೇ.

ಊಟ: ನಿಮ್ಮ ಎತ್ತರಕ್ಕೆ 58 ಕಿಲೋ ರೋಗವೇನಲ್ಲ, ಆದರೆ ಮೈ ತುಂಬದೆ ತೋಳೊಂದೇ ತುಂಬುವುದಿಲ್ಲ. ವರ್ಷದಲ್ಲಿ ನಾಲ್ಕೈದು ಕಿಲೋ ಏರುವಂತೆ ತಿನ್ನಬೇಕು. ಪ್ರೋಟೀನ್ ಕಿಲೋ ತೂಕಕ್ಕೆ 1.6 ಗ್ರಾಂ ಲೆಕ್ಕದಲ್ಲಿ ನಿಮಗೆ ದಿನಕ್ಕೆ 93 ಗ್ರಾಂ ಆಗುತ್ತದೆ. ಬೆಳಿಗ್ಗೆ ಎರಡು ಇಡ್ಲಿ, ಮಧ್ಯಾಹ್ನ ಡಬ್ಬಿಯ ಅನ್ನ-ತಿಳಿಸಾರು, ಸಂಜೆ ವಡಾಪಾವ್ ಎಂದಾದರೆ ಅದರ ಅರ್ಧವೂ ಆಗದು. ಮೂರು ಮೊಟ್ಟೆಯಲ್ಲಿ 18 ಗ್ರಾಂ, ಅರ್ಧ ಲೀಟರ್ ಹಾಲಿನಲ್ಲಿ 16, ಒಣಗಿದ 50 ಗ್ರಾಂ ಸೋಯಾ ಚಂಕ್ಸ್‌ನಲ್ಲಿ ಸುಮಾರು 25, ಒಂದು ಹಿಡಿ ಶೇಂಗಾ, ಒಂದು ಬಟ್ಟಲು ಹೆಸರುಕಾಳಿನ ಉಸ್ಲಿ ಅಥವಾ ಗಟ್ಟಿ ತೊವ್ವೆ. ಉಳಿದದ್ದನ್ನು ಚಪಾತಿ, ಅನ್ನ, ಮೊಸರು ತುಂಬಿಕೊಡುತ್ತವೆ. ಚಿಕ್ಕಮ್ಮನಿಗೆ ಹೇಳಿ, ಸಾರಿನ ಬೇಳೆ ತಳದಿಂದ ಬಡಿಸಲಿ.

ನೋವಿನ ಮಾತು. ಹೊಸ ವ್ಯಾಯಾಮದ ಮೈಕೈ ನೋವು ಒಂದೆರಡು ದಿನದಲ್ಲಿ ಜೋರಾಗಿ, ಮೂರ್ನಾಲ್ಕು ದಿನದಲ್ಲಿ ಹೋಗುತ್ತದೆ, ಅದಕ್ಕೆ ಹೆದರಬೇಕಿಲ್ಲ. ಮೊಣಕೈಯ ಒಳಬದಿಯ ನೋವು ಆ ಜಾತಿಯದಲ್ಲ. ಬಹುಶಃ ಮುಂಗೈ ಸ್ನಾಯುಗಳು ಮೂಳೆಗೆ ಅಂಟುವ ಕಡೆ ದಣಿದಿದೆ. ಎರಡು ಮೂರು ವಾರ ನೇರ ಬಾರ್ (ಭಾರ ಸಿಕ್ಕಿಸಿ ಎತ್ತುವ ಉದ್ದ ಸರಳು) ಮುಟ್ಟಬೇಡಿ. ಆಮೇಲೆ ಹೆಬ್ಬೆರಳು ಮೇಲೆ ಬರುವಂತೆ ಡಂಬೆಲ್ ಹಿಡಿದು ಹಗುರವಾಗಿ ಶುರುಮಾಡಿ. ಕಿರುಬೆರಳು, ಉಂಗುರಬೆರಳಿನಲ್ಲಿ ಜೋಮು ಬಂದರೆ ಕಾಯದೆ ಮೂಳೆ ಡಾಕ್ಟರನ್ನು ನೋಡಿ. ತೋಳು ಊದಿ, ಮೂತ್ರ ಕೋಲಾ ಬಣ್ಣಕ್ಕೆ ತಿರುಗಿದರೆ ಅದೇ ಹೊತ್ತಿಗೆ ಆಸ್ಪತ್ರೆಗೆ ಹೋಗಬೇಕು. ಅದು ಸ್ನಾಯು ಒಡೆದು ಕಿಡ್ನಿಗೆ ಹೊರೆಯಾಗುವ ಲಕ್ಷಣ.

ಒಂದು ದಿನ ಬಿಟ್ಟರೆ ಇಳಿದುಹೋಗುವುದು ಜಿಮ್‌ನಲ್ಲಿ ರಕ್ತ ತುಂಬಿ ಬಂದ ಉಬ್ಬು ಮಾತ್ರ. ಊರಿನ ತೇರಿಗೆಂದು ಎರಡು ವಾರ ಹೋಗಿ ಬಂದರೂ ಸ್ನಾಯು ಹೇಳಿಕೊಳ್ಳುವಷ್ಟು ಕರಗದು. ಟೇಪು ಹಿಡಿಯುವುದಿದ್ದರೆ ತಿಂಗಳಿಗೊಮ್ಮೆ, ಬೆಳಿಗ್ಗೆ, ವ್ಯಾಯಾಮಕ್ಕೆ ಮುಂಚೆ.

ಪ್ರಶ್ನೆ: ನನ್ನ ಮಗನಿಗೆ 17 ವರ್ಷ. ಗೋರೆಗಾಂವ್‌ನಲ್ಲಿದ್ದೇವೆ. ಜಿಮ್‌ನಲ್ಲಿ ಯಾರೋ ಇಂಜೆಕ್ಷನ್ ತೆಗೆದುಕೊಂಡರೆ ಮೂರು ತಿಂಗಳಲ್ಲಿ ಡೋಲೆ (ಉಬ್ಬಿದ ರಟ್ಟೆ) ಬರುತ್ತದೆ ಎಂದಿದ್ದಾರಂತೆ. ವಿಟಮಿನ್ ಎನ್ನುತ್ತಾನೆ. ಕೊಡಿಸಬಹುದೇ?

ಉತ್ತರ: ಬೇಡವೇ ಬೇಡಮ್ಮ. ಮೂರು ತಿಂಗಳಲ್ಲಿ ತೋಳು ಉಬ್ಬಿಸುವ ವಿಟಮಿನ್ ಜಗತ್ತಿನಲ್ಲಿಲ್ಲ. ಅದು ಟೆಸ್ಟೋಸ್ಟಿರಾನ್ ಅಥವಾ ಅದರ ಬಳಗದ ಸ್ಟಿರಾಯ್ಡ್ ಇರಬೇಕು. ಹೊರಗಿನಿಂದ ಹಾರ್ಮೋನ್ ಬಂದರೆ ಮಿದುಳು ಒಳಗಿನ ತಯಾರಿಕೆಯನ್ನು ನಿಲ್ಲಿಸುತ್ತದೆ. ವೃಷಣ ಕುಗ್ಗುತ್ತದೆ, ವೀರ್ಯಾಣು ಇಳಿಯುತ್ತದೆ, ಮೊಡವೆ ಏಳುತ್ತದೆ, ಕೆಲವರಿಗೆ ಎದೆ ಹೆಂಗಸರಂತೆ ಬೆಳೆಯುತ್ತದೆ. ಎತ್ತರ ಇನ್ನೂ ಬೆಳೆಯುತ್ತಿರುವ ವಯಸ್ಸಿನಲ್ಲಿ ಮೂಳೆಯ ತುದಿಗಳು ಬೇಗ ಬೆಸೆದು ಎತ್ತರವೇ ನಿಂತುಹೋಗಬಹುದು. ವೈದ್ಯರ ಚೀಟಿ ಇಲ್ಲದೆ ಇವನ್ನು ಮಾರುವುದೇ ಕಾನೂನುಬಾಹಿರ. ಗದರುವ ಮೊದಲು ಈಗಾಗಲೇ ಚುಚ್ಚಿಸಿಕೊಂಡಿದ್ದಾನೆಯೇ ಎಂದು ಮೆಲ್ಲಗೆ ಕೇಳಿ. ಹೌದಾದರೆ ಹಾರ್ಮೋನ್ ತಜ್ಞರ ಹತ್ತಿರ ಕರೆದೊಯ್ಯಿರಿ, ಏನನ್ನೂ ಮುಚ್ಚಿಡಬೇಡಿ. ಆ ಜಿಮ್ ಬಿಡಿಸಿ, ವ್ಯಾಯಾಮ ಬಿಡಿಸಬೇಡಿ.

ಪ್ರಶ್ನೆ: ಮುಲುಂಡಿನಲ್ಲಿರುವ ಗೃಹಿಣಿ, 46 ವರ್ಷ. ತೋಳಿನ ಹಿಂಭಾಗ ಜೋತುಬಿದ್ದಿದೆ. ಡಂಬೆಲ್ ಎತ್ತಿದರೆ ಗಂಡಸರ ತೋಳಿನ ಹಾಗಾಗುತ್ತದೆಯೇ?

ಉತ್ತರ: ಆಗುವುದಿಲ್ಲ. ಹೆಂಗಸರಲ್ಲಿ ಟೆಸ್ಟೋಸ್ಟಿರಾನ್ ಗಂಡಸರ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ. ತೋಳಿನ ಕೊಬ್ಬನ್ನಷ್ಟೇ ಕರಗಿಸುವ ವ್ಯಾಯಾಮವೂ ಇಲ್ಲ. ಆದರೆ ಅದರಡಿಯ ಸ್ನಾಯು ಗಟ್ಟಿಯಾದರೆ ತೋಳು ಬಿಗಿಯಾಗಿ ಕಾಣುತ್ತದೆ, ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಮೂಳೆಗೂ ಒಳ್ಳೆಯದು. ಅಡುಗೆಮನೆ ಕಟ್ಟೆಗೆ ಕೈಯೂರಿ ದಂಡೆ, ಒಂದೊಂದು ಲೀಟರಿನ ನೀರಿನ ಬಾಟಲಿ ತಲೆಯ ಮೇಲಕ್ಕೆ ಎತ್ತುವುದು, ದಿನ ಬಿಟ್ಟು ದಿನ ಇಪ್ಪತ್ತು ನಿಮಿಷ. ಬಿಪಿ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲು ನಿಮ್ಮ ಡಾಕ್ಟರನ್ನು ಕೇಳಿ, ಎತ್ತುವಾಗ ಉಸಿರು ಬಿಗಿಹಿಡಿಯಬೇಡಿ.